ಬಲಕ್ಕೆ ನೋಡಿ, ಎಡಕ್ಕೆ ಹೊರಳಿ

ಅಂಕೋಲೆಯ ಬಾಳೆಗುಳಿಯ ಬಳಿ ಎರಡು ಮಹಾಮಾರ್ಗಗಳು ಕೂಡುತ್ತವೆ. ಒಂದು, ಮಹಾರಾಷ್ಟ್ರದ ಪನವೇಲಿನಿಂದ ಹೊರಟು ಗೋವೆ, ಕಾರವಾರಗಳನ್ನು ಹಾದು ಕಡಲಿನ ಮಗ್ಗುಲಲ್ಲಿಯೇ ಕನ್ಯಾಕುಮಾರಿಯವರೆಗೆ ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿ. ಇನ್ನೊಂದು, ದೂರದ ಪಂಜಾಬಿನ ಸಂಗರೂರಿನಲ್ಲಿ ಹುಟ್ಟಿ, ಹುಬ್ಬಳ್ಳಿ, ಯಲ್ಲಾಪುರಗಳ ಮೇಲೆ ಬಂದು, ಅರಬೈಲ ಘಟ್ಟವನ್ನಿಳಿದು ಅಂಕೋಲೆಯಲ್ಲಿ ಕೊನೆಗೊಳ್ಳುವ 52ನೆಯ ಹೆದ್ದಾರಿ. ಬಳ್ಳಾರಿ, ಹೊಸಪೇಟೆಗಳ ಕಬ್ಬಿಣದ ಅದಿರನ್ನು ಬೇಲೆಕೇರಿಯ ಬಂದರಕ್ಕೆ ತರುತ್ತಿದ್ದ ಲಾರಿಗಳ ಸಾಲು 2010ರವರೆಗೆ ಈ ಘಟ್ಟವನ್ನೇ ಇಳಿಯುತ್ತಿತ್ತು. ಅದಿರಿನ ಆ ಭರಾಟೆ ಅಡಗಿತು. ವಾಹನಗಳ ಭರಾಟೆ ಅಡಗಲಿಲ್ಲ.

ಘಟ್ಟವಿಳಿದ ಲಾರಿಯವನಿಗೆ ಹಾವಿನಂಥ ತಿರುವುಗಳು ಮುಗಿದುವೆಂಬ ನಿರಾಳ. ಮಂಗಳೂರಿನ ಕಡೆಯಿಂದ ಬಂದ ಬಸ್ಸಿಗೆ ಗೋವೆಯನ್ನು ಮುಟ್ಟುವ ಆತುರ. ಸ್ಕೂಟರಿನ ಮೇಲೆ ಕಾರವಾರಕ್ಕೆ ಹೊರಟ ಗುಮಾಸ್ತರಿಗೆ ಕಚೇರಿಯ ವೇಳೆಯ ಚಿಂತೆ. ಕಾಯಿಪಲ್ಲೆಯ ಬುಟ್ಟಿ ಹೊತ್ತ ಹಾಲಕ್ಕಿ ಹೆಂಗಸಿಗೆ ಬಿಸಿಲೇರುವ ಮೊದಲೇ ಪೇಟೆಯನ್ನು ಸೇರುವ ಅವಸರ. ಇಂಥ ನಾಲ್ವರು ಒಂದು ಕೂಡುರಸ್ತೆಗೆ ಏಕಕಾಲಕ್ಕೆ ಬಂದರೆ, ದಾರಿ ಮೊದಲು ಯಾರದು?

ದೊಡ್ಡ ಗಾಡಿಯವನದು ಎಂದು ಕೆಲವರು ಹೇಳುವರು. ಮೊದಲು ಹಾರ್ನ್ ಬಾರಿಸಿದವನದು ಎಂದು ಬೇರೆ ಕೆಲವರು ವಾದಿಸುವರು. ಧೈರ್ಯವಿದ್ದವನದು ಎಂಬುದು ತರುಣರ ಮತ. ಕಾಯಿದೆಯಾದರೋ ಈ ಮೂರನ್ನೂ ಒಪ್ಪುವುದಿಲ್ಲ. ಕಾಯಿದೆಯ ಉತ್ತರ ಒಂದೇ ಮಾತಿನಲ್ಲಿ ಮುಗಿಯುವಷ್ಟು ಸರಳವಾಗಿದೆ. ಆದರೂ ಅದನ್ನು ಬಲ್ಲವರು ವಿರಳ.

ಹೆಸರಿಗೆ ಮಾತ್ರ ವೃತ್ತ

ಕರ್ನಾಟಕದ ಯಾವ ಊರಿಗೆ ಹೋದರೂ ‘ಸರ್ಕಲ್’ ಎಂಬ ಹೆಸರಿನ ಸ್ಥಳಗಳಿಗೆ ಕೊರತೆಯಿಲ್ಲ. ಕಾರವಾರದಲ್ಲಿ ಸುಭಾಷ ಸರ್ಕಲ್ ಎಂದರೆ ರಿಕ್ಷಾದವರಿಗೆ ಬೇರೆ ಗುರುತು ಹೇಳಬೇಕಾಗಿಲ್ಲ. ಆದರೆ ಸರ್ಕಲ್ ಎಂಬ ಹೆಸರಿದ್ದ ಮಾತ್ರಕ್ಕೆ ಪ್ರತಿಯೊಂದೂ ಸಂಚಾರವೃತ್ತವಾಗುವುದಿಲ್ಲ. ಎಷ್ಟೋ ಕಡೆ ಅದು ನಾಲ್ಕು ರಸ್ತೆ ಕೂಡುವ ಬರಿಯ ಚೌಕ. ಕೆಲವೆಡೆ ದೀಪದ ಸಂಜ್ಞೆಯಿರುವ ಕೂಡುರಸ್ತೆ.

ನಿಜವಾದ ಸಂಚಾರವೃತ್ತಕ್ಕೆ ಮೂರು ಲಕ್ಷಣಗಳಿವೆ. ನಡುವೆ ದುಂಡಗಿನ ದಿಬ್ಬವಿರಬೇಕು. ಅದರ ಸುತ್ತ ಎಲ್ಲ ವಾಹನಗಳೂ ಒಂದೇ ದಿಕ್ಕಿಗೆ ಸುತ್ತಬೇಕು. ಒಳಗೆ ಬರುವವನು ಹೊರಗೆ ನಿಂತು ಒಳಗಿರುವವನಿಗೆ ದಾರಿ ಬಿಡಬೇಕು. ಮೈಸೂರಿನಲ್ಲಿ ಕೃಷ್ಣರಾಜ ವೃತ್ತವನ್ನೂ ಚಾಮರಾಜ ವೃತ್ತವನ್ನೂ ನೋಡಿದವರಿಗೆ ಈ ಏರ್ಪಾಡಿನ ಸೊಗಸು ತಿಳಿದಿರುತ್ತದೆ. ಕಾರವಾರದಿಂದ ಮಾಜಾಳಿಯ ಗಡಿ ದಾಟಿ ಗೋವೆಗೆ ಹೋಗುವ ಕುಟುಂಬಗಳಿಗಂತೂ ಮಡಗಾಂವ, ಪಣಜಿಗಳಲ್ಲಿ ಒಂದಾದ ಮೇಲೊಂದು ವೃತ್ತ ಎದುರಾಗುತ್ತದೆ. ಊರಿನ ಚೌಕದಲ್ಲಿ ನಡೆದ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ಹಾಗಾದರೆ ದಿಬ್ಬವಿಲ್ಲದ, ದೀಪವೂ ಪೋಲೀಸರೂ ಇಲ್ಲದ ಚೌಕದಲ್ಲಿ ನಿಯಮವೇನು? ಮುಖ್ಯ ರಸ್ತೆಗೆ ಸೇರುವವನು ಮುಖ್ಯ ರಸ್ತೆಯವರಿಗೆ ದಾರಿ ಬಿಡಬೇಕು. ಎರಡೂ ಸಮಾನ ರಸ್ತೆಗಳಾಗಿದ್ದರೆ ತನ್ನ ಬಲಗಡೆಯಿಂದ ಬರುವವರಿಗೆ ಬಿಡಬೇಕು. ವೃತ್ತದಲ್ಲಿಯಾಗಲಿ, ಚೌಕದಲ್ಲಿಯಾಗಲಿ, ನಮ್ಮ ದೇಶದ ಚಾಲಕನ ಕಣ್ಣು ಮೊದಲು ಹೊರಳಬೇಕಾದದ್ದು ಬಲಕ್ಕೆ.

ಪ್ರದಕ್ಷಿಣೆಯ ಪಾಠ

ಜಾತ್ರೆಯ ದಿನ ದೇವಸ್ಥಾನದ ಪ್ರಾಕಾರದಲ್ಲಿ ನೂರಾರು ಜನ ಒಟ್ಟಿಗೆ ಪ್ರದಕ್ಷಿಣೆ ಬರುತ್ತಾರೆ. ಮುದುಕರಿರುತ್ತಾರೆ, ಮಕ್ಕಳಿರುತ್ತಾರೆ, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡ ತಾಯಂದಿರಿರುತ್ತಾರೆ. ಆದರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದಿಲ್ಲ. ಎಲ್ಲರೂ ದೇವರನ್ನು ಬಲಕ್ಕಿಟ್ಟುಕೊಂಡು ಒಂದೇ ದಿಕ್ಕಿಗೆ ನಡೆಯುವುದೂ, ಹೊಸದಾಗಿ ಬಂದವರು ಸಾಲಿನಲ್ಲಿ ತೆರಪು ನೋಡಿ ಸೇರಿಕೊಳ್ಳುವುದೂ ಇದಕ್ಕೆ ಕಾರಣ. ಒಬ್ಬನೇ ಒಬ್ಬ ಅಪ್ರದಕ್ಷಿಣೆ ಬರಲಿ, ಇಡೀ ಪ್ರಾಕಾರವೇ ಗೊಂದಲವಾಗುತ್ತದೆ.

ಸಂಚಾರವೃತ್ತದ ನಿಯಮವೂ ಅಕ್ಷರಶಃ ಇದೇ. ಭಾರತದಲ್ಲಿ ವಾಹನಗಳು ರಸ್ತೆಯ ಎಡಕ್ಕೆ ನಡೆಯುವುದರಿಂದ, ವೃತ್ತವನ್ನು ಸೇರುವವನು ಎಡಕ್ಕೆ ಹೊರಳಿ, ನಡುವಣ ದಿಬ್ಬವನ್ನು ಬಲಕ್ಕಿಟ್ಟುಕೊಂಡು, ಗಡಿಯಾರದ ಮುಳ್ಳಿನಂತೆ ಸುತ್ತತಕ್ಕದ್ದು. ಬಲಗಡೆಯ ರಸ್ತೆಗೆ ಹೋಗುವವನೂ ಪೂರ್ಣ ಸುತ್ತಿಯೇ ಹೋಗಬೇಕು. ಹತ್ತು ಮಾರು ದೂರ ಉಳಿಯಿತೆಂದು ವೃತ್ತವನ್ನು ಅಡ್ಡ ಕತ್ತರಿಸಿ ಬಲಕ್ಕೆ ನುಗ್ಗುವುದು ಅಪ್ರದಕ್ಷಿಣೆ ಮಾತ್ರವಲ್ಲ, ಅಪರಾಧವೂ ಹೌದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 184ನೆಯ ಕಲಮು ವಿರುದ್ಧ ದಿಕ್ಕಿನ ಚಾಲನೆಯನ್ನು ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿಸಿದೆ.

ಕೊಲ್ಲಿ ರಾಷ್ಟ್ರಗಳಲ್ಲಿ ಉದ್ಯೋಗದಲ್ಲಿದ್ದು ರಜೆಗೆ ಬರುವವರು ಮಾತ್ರ ಮೊದಲ ನಾಲ್ಕು ದಿನ ಹೆಚ್ಚು ಜಾಗರೂಕರಾಗಿರಬೇಕು. ಅಲ್ಲಿ ವಾಹನಗಳು ಬಲಕ್ಕೆ ನಡೆಯುವುದರಿಂದ ವೃತ್ತದ ಸುತ್ತು ಇಲ್ಲಿಗೆ ತದ್ವಿರುದ್ಧ. ಅಲ್ಲಿ ಕಣ್ಣು ಮೊದಲು ಎಡಕ್ಕೆ ಹೋಗುತ್ತದೆ. ವರ್ಷಗಳ ರೂಢಿ ವಿಮಾನವಿಳಿದ ಕೂಡಲೇ ಬಿಟ್ಟುಹೋಗುವುದಿಲ್ಲ.

ವೃತ್ತ ಬೆಳೆದು ಬಂದ ಬಗೆ

ವೃತ್ತದ ಕಲ್ಪನೆಗೆ ನೂರು ವರ್ಷ ದಾಟಿದೆ. ನ್ಯೂಯಾರ್ಕಿನ ಕೊಲಂಬಸ್ ವೃತ್ತದಲ್ಲಿ ವಾಹನಗಳನ್ನು ಒಂದೇ ದಿಕ್ಕಿಗೆ ಸುತ್ತಿಸುವ ಏರ್ಪಾಡು 1905ರಲ್ಲಿ ಬಂದಿತು. ಪ್ಯಾರಿಸಿನ ವಿಜಯತೋರಣದ ಸುತ್ತ 1907ರಲ್ಲಿ. ಇಂಗ್ಲೆಂಡಿನ ಲೆಚ್‌ವರ್ತ್ ಎಂಬ ಉದ್ಯಾನನಗರದಲ್ಲಿ 1909ರ ಸುಮಾರಿಗೆ ಮೊದಲ ವೃತ್ತ ಕಾಣಿಸಿಕೊಂಡಿತು.

ಆದರೆ ಆ ಹಳೆಯ ವೃತ್ತಗಳಲ್ಲಿ ಒಂದು ದೊಡ್ಡ ದೋಷವಿತ್ತು. ಒಳಗೆ ನುಗ್ಗುವವನಿಗೆ ತಡೆಯಿರಲಿಲ್ಲ, ಒಳಗಿದ್ದವನೇ ನಿಲ್ಲಬೇಕಾಗುತ್ತಿತ್ತು. ಹೊರಗಿನಿಂದ ಬರುವವರು ಬರುತ್ತಲೇ ಇದ್ದರೆ ಒಳಗಿನವರು ಹೊರಬೀಳುವುದೆಂತು? ವೃತ್ತವು ಗಂಟು ಬಿದ್ದ ದಾರದಂತೆ ಬಿಗಿದುಕೊಳ್ಳುತ್ತಿತ್ತು. ಬ್ರಿಟನ್ 1966ರಲ್ಲಿ ನಿಯಮವನ್ನು ತಿರುಗಿಸಿತು: ಒಳಗಿರುವವನಿಗೇ, ಅಂದರೆ ಬಲಗಡೆಯಿಂದ ಸುತ್ತಿ ಬರುವವನಿಗೇ, ಮೊದಲ ಹಕ್ಕು. ಇಷ್ಟು ಸಣ್ಣ ಬದಲಾವಣೆಯಿಂದ ಗಂಟು ಸಡಿಲವಾಯಿತು. ಇಂದಿನ ವೃತ್ತಗಳಲ್ಲಿ ಹೆಚ್ಚಿನವು ನಡೆಯುತ್ತಿರುವುದು ಈ ನಿಯಮದ ಮೇಲೆ. ಭಾರತದ 2017ರ ಚಾಲನಾ ನಿಬಂಧನೆಗಳೂ ವೃತ್ತದೊಳಗಿನ ವಾಹನಕ್ಕೆ ಪ್ರಾಶಸ್ತ್ಯವನ್ನು ಕೊಟ್ಟಿವೆ.

ಇದರ ಲಾಭವನ್ನು ಲೆಕ್ಕದಲ್ಲಿಯೂ ತೋರಿಸಬಹುದು. ನಾಲ್ಕು ರಸ್ತೆ ಕೂಡುವ ಸಾಮಾನ್ಯ ಚೌಕದಲ್ಲಿ ವಾಹನಗಳ ದಾರಿಗಳು ಒಂದನ್ನೊಂದು ತಾಕುವ ಬಿಂದುಗಳು 32. ಒಂದೇ ಸಾಲಿನ ವೃತ್ತದಲ್ಲಿ ಅವು 8 ಮಾತ್ರ. ಎದುರೆದುರು ಡಿಕ್ಕಿಯೂ, ಮಗ್ಗುಲಿಗೆ ನೇರವಾಗಿ ಬಡಿಯುವ ಡಿಕ್ಕಿಯೂ ಬಹುಮಟ್ಟಿಗೆ ಇಲ್ಲವಾಗುತ್ತವೆ. ಪ್ರಾಣ ತೆಗೆಯುವವು ಹೆಚ್ಚಾಗಿ ಇವೇ. ಅಮೆರಿಕೆಯಲ್ಲಿ ವೃತ್ತಗಳಾಗಿ ಮಾರ್ಪಟ್ಟ 24 ಕೂಡುರಸ್ತೆಗಳನ್ನು ಪರೀಕ್ಷಿಸಿ 2000ರಲ್ಲಿ ಪ್ರಕಟಿಸಿದ ವರದಿಯಂತೆ, ಗಾಯಾಳುಗಳಾಗುವ ಅಪಘಾತಗಳು ಮುಕ್ಕಾಲು ಪಾಲು ಇಳಿದಿದ್ದುವು.

ವೃತ್ತವು ಎಲ್ಲ ರೋಗಕ್ಕೂ ಮದ್ದಲ್ಲವೆಂಬುದನ್ನೂ ಹೇಳಬೇಕು. ಗಂಟೆಗೆ ಸುಮಾರು 3000 ವಾಹನಗಳವರೆಗೆ ವೃತ್ತ ತಾಳಬಲ್ಲದೆಂಬುದು ಭಾರತೀಯ ರಸ್ತೆ ಕಾಂಗ್ರೆಸಿನ ಹಳೆಯ ಅಂದಾಜು. ಅದಕ್ಕೂ ಮಿಕ್ಕರೆ ದೀಪದ ಸಂಜ್ಞೆಯನ್ನೋ ಮೇಲ್ಸೇತುವೆಯನ್ನೋ ಆಶ್ರಯಿಸಬೇಕಾಗುತ್ತದೆ. ಬೆಂಗಳೂರಿನ ಹಲವು ಹಳೆಯ ವೃತ್ತಗಳು ಹೆಸರನ್ನಷ್ಟೇ ಉಳಿಸಿಕೊಂಡು ಮರೆಯಾದುದು ಹೀಗೆ.

ಮೋಟಾರು ನಡೆಸುವವರಿಗೆ

ಕೆಂಪು ಅಂಚಿನ ತ್ರಿಕೋನದಲ್ಲಿ ಒಂದನ್ನೊಂದು ಹಿಂಬಾಲಿಸುವ ಮೂರು ಬಾಣಗಳ ಚಿತ್ರ ಕಂಡರೆ ಮುಂದೆ ವೃತ್ತವಿದೆಯೆಂದು ಅರ್ಥ. ತಲೆಕೆಳಗಾದ ತ್ರಿಕೋನ ಕಂಡರೆ ‘ದಾರಿ ಬಿಡಿ’ ಎಂದು ಅರ್ಥ. ಎರಡನ್ನೂ ಕಂಡೊಡನೆ ಮಾಡಬೇಕಾದ ಮೊದಲ ಕೆಲಸ ವೇಗವನ್ನು ಇಳಿಸುವುದು. ಗಂಟೆಗೆ 60 ಕಿಲೋಮೀಟರಿನ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರು ಓಡುತ್ತದೆ. ಚಾಲಕನ ಕಾಲು ಬ್ರೇಕಿನ ಮೇಲೆ ಬರುವುದರೊಳಗೆ ವೃತ್ತವೇ ದಾಟಿಹೋದೀತು. 30ರ ವೇಗದಲ್ಲಿ ಆ ದೂರ ಅರ್ಧವಾಗುತ್ತದೆ. ಡಿಕ್ಕಿಯ ಬಲವಾದರೋ ಕಾಲುಭಾಗಕ್ಕೆ ಇಳಿಯುತ್ತದೆ.

ಎರಡನೆಯದು, ಬಲಕ್ಕೆ ನೋಡಿ ಕಾಯುವುದು. ಒಳಗೆ ತೆರಪಿದ್ದರೆ ಸುಮ್ಮನೆ ನಿಲ್ಲಬೇಕಾಗಿಲ್ಲ. ತೆರಪಿಲ್ಲದಿದ್ದರೆ ಮೂತಿಯನ್ನು ತೂರಿಸಿ ತೆರಪು ಮಾಡಿಕೊಳ್ಳುವುದು ಸಲ್ಲದು. ಮುಂದಿನ ಗಾಡಿ ಹೋಯಿತೆಂದು ಅದರ ಬಾಲ ಹಿಡಿದು ನುಗ್ಗುವುದೂ ತಪ್ಪು. ಅದಕ್ಕಿದ್ದ ತೆರಪು ಹಿಂದಿನವನಿಗೆ ಉಳಿದಿರಲಾರದು.

ಮೂರನೆಯದು, ಸಾಲು ಮತ್ತು ಸಂಜ್ಞೆ. ಮೊದಲನೆಯ ದಾರಿಗೇ ಹೊರಡುವವನು ಎಡಸಾಲಿನಲ್ಲಿದ್ದು ಎಡದ ದೀಪವನ್ನು ಮಿನುಗಿಸಬೇಕು. ಬಲಕ್ಕೆ ಹೋಗುವವನು, ಅಥವಾ ಪೂರ್ಣ ಸುತ್ತಿ ಹಿಂದಿರುಗುವವನು, ಬಲದ ದೀಪ ಹಾಕಿ ದಿಬ್ಬದ ಕಡೆಯ ಸಾಲು ಹಿಡಿಯಬೇಕು. ತನ್ನ ದಾರಿಗೆ ಹಿಂದಿನ ದಾರಿ ದಾಟಿದೊಡನೆ ಎಡದ ದೀಪಕ್ಕೆ ಬದಲಿಸಿ, ಕನ್ನಡಿಯಲ್ಲಿ ನೋಡಿಕೊಂಡು ಹೊರಬೀಳಬೇಕು. ದಿಬ್ಬದ ಮಗ್ಗುಲಿನಿಂದ ಒಮ್ಮೆಗೇ ಹೊರದಾರಿಗೆ ಹಾರುವುದರಿಂದಲೇ ಎಡಗಡೆಯ ಸ್ಕೂಟರಿನವರು ನೆಲಕ್ಕುರುಳುವುದು. ಹೊರದಾರಿ ತಪ್ಪಿದರೆ ಗಾಬರಿಪಡುವ ಕಾರಣವಿಲ್ಲ. ಇನ್ನೊಂದು ಸುತ್ತು ಬಂದರಾಯಿತು. ಪ್ರದಕ್ಷಿಣೆ ಹೆಚ್ಚಾದರೆ ನಷ್ಟವೇನೂ ಇಲ್ಲ.

ನೇರ ಹೋಗುವೆನೆಂದು ತಿಳಿಸಲು ನಾಲ್ಕೂ ದೀಪಗಳನ್ನು ಒಮ್ಮೆಗೇ ಮಿನುಗಿಸುವ ಪದ್ಧತಿ ಬಹಳ ಕಡೆ ಬೇರೂರಿದೆ. ಇದು ಅಪಾಯಕರ. ಮಗ್ಗುಲಿನಿಂದ ನೋಡುವವನಿಗೆ ಒಂದು ಬದಿಯ ದೀಪ ಮಾತ್ರ ಕಾಣುವುದರಿಂದ, ಗಾಡಿ ಆ ಬದಿಗೇ ತಿರುಗುತ್ತದೆಂದು ಅವನು ನಂಬುತ್ತಾನೆ. ನಾಲ್ಕು ದೀಪಗಳು ಕೆಟ್ಟು ನಿಂತ ವಾಹನದ ಸಂಜ್ಞೆ, ಓಡುವ ವಾಹನದ್ದಲ್ಲ.

ಆಂಬ್ಯುಲೆನ್ಸಿನ ಗಂಟೆ ಕೇಳಿದಾಗ ವೃತ್ತದ ಹೊರಗಿದ್ದವನು ಹೊರಗೇ ನಿಲ್ಲಬೇಕು. ಒಳಗಿದ್ದವನು ಅಲ್ಲಿಯೇ ನಿಂತು ದಾರಿ ಕಟ್ಟಬಾರದು; ತನ್ನ ದಾರಿಗೆ ಹೊರಬಿದ್ದು, ಎಡಕ್ಕೆ ಸರಿದು ನಿಲ್ಲಬೇಕು. ಆಂಬ್ಯುಲೆನ್ಸಿಗೆ ದಾರಿ ಬಿಡದವನಿಗೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ಕಾಯಿದೆ ವಿಧಿಸಿದೆ.

ಎರಡು ಗಾಲಿಯವರಿಗೆ

ವೃತ್ತವು ಕಾರಿನವರಿಗೆ ತಂದ ಕ್ಷೇಮವನ್ನು ಸೈಕಲ್ಲಿನವರಿಗೆ ಅಷ್ಟು ಧಾರಾಳವಾಗಿ ತರಲಿಲ್ಲ. ಬೆಲ್ಜಿಯಮ್ಮಿನ ಫ್ಲಾಂಡರ್ಸ್ ಪ್ರಾಂತದಲ್ಲಿ 91 ವೃತ್ತಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೈಕಲ್ಲಿನವರು ಗಾಯಗೊಂಡ ಅಪಘಾತಗಳು ನೂರಕ್ಕೆ 27ರಷ್ಟು ಏರಿದ್ದುವು. ಇದಕ್ಕೆ ಕಾರಣ ಊಹಿಸಲಾಗದ್ದೇನಲ್ಲ. ವೃತ್ತಕ್ಕೆ ಬರುವ ಚಾಲಕನು ದೊಡ್ಡ ಗಾಡಿಗಾಗಿ ನೋಡುತ್ತಾನೆ. ಸಣ್ಣ ಸೈಕಲ್ಲು ಅವನ ಕಣ್ಣೆದುರಿಗೇ ಇದ್ದರೂ ಮನಸ್ಸಿಗೆ ಬೀಳುವುದಿಲ್ಲ. ಸೈಕಲ್ಲಿನವನಾದರೋ ವಿನಯದಿಂದ ಹೊರ ಅಂಚಿಗೆ ಅಂಟಿಕೊಂಡು ಸುತ್ತುತ್ತಾನೆ. ಹೊರದಾರಿ ಹಿಡಿಯುವ ಪ್ರತಿಯೊಂದು ಗಾಡಿಯೂ ಅವನನ್ನು ಕತ್ತರಿಸಿಕೊಂಡೇ ಹೋಗಬೇಕಾಗುತ್ತದೆ.

ಆದ್ದರಿಂದ, ಗಾಡಿಗಳು ಮೆಲ್ಲಗೆ ಸುತ್ತುವ ಸಣ್ಣ ವೃತ್ತದಲ್ಲಿ ಸೈಕಲ್ಲಿನವನು ಅಂಚಿಗೆ ಹೆದರಿ ಸರಿಯದೆ, ಸಾಲಿನ ನಡುವೆ ಎಲ್ಲರಿಗೂ ಕಾಣುವಂತೆ ಸಾಗುವುದು ಒಳ್ಳೆಯದು. ಹೊರಬೀಳುವ ಮೊದಲು ಹಿಂದಿರುಗಿ ನೋಡಿ, ಎಡಗೈ ಚಾಚಿ ತಿಳಿಸಬೇಕು. ಲಾರಿ, ಬಸ್ಸುಗಳ ನುಗ್ಗಾಟವಿರುವ ದೊಡ್ಡ ವೃತ್ತದಲ್ಲಿ ಇಳಿದು, ಸೈಕಲ್ಲನ್ನು ತಳ್ಳಿಕೊಂಡು ಕಾಲ್ನಡಿಗೆಯವರ ದಾರಿಯಲ್ಲಿ ಹೋಗುವುದೇ ಜಾಣತನ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಉದ್ದನೆಯ ಬಸ್ಸು ಎಡಕ್ಕೆ ಹೊರಳುವಾಗ ಅದರ ಹಿಂಗಾಲಿಗಳು ಮುಂಗಾಲಿಗಳ ಜಾಡನ್ನು ಹಿಡಿಯುವುದಿಲ್ಲ. ಇನ್ನೂ ಒಳಕ್ಕೆ, ಅಂಚಿನ ಕಡೆಗೆ ಸರಿಯುತ್ತವೆ. ಆ ಜಾಗದಲ್ಲಿರುವ ಸೈಕಲ್ಲು, ಸ್ಕೂಟರುಗಳು ಚಾಲಕನ ಕಣ್ಣಿಗೆ ಬೀಳುವುದೂ ಇಲ್ಲ. ತಿರುಗುವ ಬಸ್ಸಿನ ಎಡ ಮಗ್ಗುಲಿಗೆ ಎಂದೂ ಹೋಗಬಾರದೆಂಬುದನ್ನು ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಪ್ರತಿ ಮಗುವಿಗೂ ಬಾಯಿಪಾಠ ಮಾಡಿಸಬೇಕು.

ಸ್ಕೂಟರಿನ ಹಿಂಬದಿಯಲ್ಲಿ ಕುಳಿತ ಗೃಹಿಣಿಯರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಶಿರಸ್ತ್ರಾಣ ಅವರಿಗೂ ಕಡ್ಡಾಯ. ನಾಲ್ಕು ವರ್ಷ ಮೀರಿದ ಮಗುವಿಗೂ ಅದು ಬೇಕೆಂದು ಕಾಯಿದೆ ಹೇಳುತ್ತದೆ. ಅದಕ್ಕಿಂತ ಚಿಕ್ಕ ಮಗುವಿದ್ದರೆ ಪಟ್ಟಿಯಿಂದ ಚಾಲಕನಿಗೆ ಬಿಗಿಯಬೇಕು, ಅದಕ್ಕೂ ಶಿರಸ್ತ್ರಾಣ ತೊಡಿಸಬೇಕು, ಗಂಟೆಗೆ 40 ಕಿಲೋಮೀಟರಿನ ವೇಗ ಮೀರಬಾರದು ಎಂಬ ನಿಯಮವನ್ನು 2022ರಲ್ಲಿ ಹೊರಡಿಸಲಾಯಿತು.

ಕಾಲ್ನಡಿಗೆಯವರಿಗೆ

ನಡುವಣ ದಿಬ್ಬದ ಮೇಲೆ ಹುಲ್ಲಿರಬಹುದು, ಹೂವಿರಬಹುದು, ಪ್ರತಿಮೆಯಿರಬಹುದು. ಆದರೆ ಅದು ಉದ್ಯಾನವಲ್ಲ. ವೃತ್ತವನ್ನು ನಡುವೆ ಸೀಳಿಕೊಂಡು ಹೋಗುವವನು ಎರಡು ಬಾರಿ ಪ್ರಾಣವನ್ನು ಪಣಕ್ಕಿಟ್ಟಂತೆ. ಕಾಲ್ನಡಿಗೆಯವರು ವೃತ್ತದ ಹೊರಗಿನಿಂದಲೇ ಸುತ್ತಿ, ಒಂದೊಂದು ರಸ್ತೆಯನ್ನೂ ಅದರ ಬಾಯಿಯಿಂದ ಒಂದೆರಡು ಗಾಡಿಯುದ್ದ ಹಿಂದಕ್ಕೆ, ಪಟ್ಟೆಯ ದಾರಿಯಿದ್ದರೆ ಅದರ ಮೇಲೆಯೇ, ದಾಟಬೇಕು. ಬರುವ ಸಾಲಿಗೂ ಹೋಗುವ ಸಾಲಿಗೂ ನಡುವೆ ಚಿಕ್ಕ ಕಟ್ಟೆಯಿದ್ದರೆ ಅದೇ ಅವರ ಆಶ್ರಯ. ಅರ್ಧ ದಾಟಿ, ಅಲ್ಲಿ ನಿಂತು, ಇನ್ನರ್ಧವನ್ನು ನೋಡಿ ದಾಟಬೇಕು.

ವೃತ್ತಕ್ಕೆ ಬರುವ ಗಾಡಿಗಿಂತ ವೃತ್ತದಿಂದ ಹೊರಬೀಳುವ ಗಾಡಿಯೇ ಹೆಚ್ಚು ಭಯಂಕರ. ಬರುವವನು ವೇಗವಿಳಿಸುತ್ತಿರುತ್ತಾನೆ, ಹೋಗುವವನು ಬಿಡುಗಡೆಯಾದೆನೆಂದು ವೇಗವೇರಿಸುತ್ತಿರುತ್ತಾನೆ. ಚಾಲಕನು ತನ್ನನ್ನು ನೋಡಿದನೆಂದು ಕಣ್ಣಿಗೆ ಕಣ್ಣು ಕೂಡಿಸಿ ತಿಳಿದುಕೊಂಡ ಮೇಲೆಯೇ ಹೆಜ್ಜೆಯಿಡಬೇಕು.

ಮಕ್ಕಳನ್ನು ಕುರಿತು ತಾಯಿತಂದೆಯರು ತಿಳಿಯಬೇಕಾದ ವಿಷಯವೊಂದಿದೆ. ಇಂಗ್ಲೆಂಡಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳಿಗೆ ಗಂಟೆಗೆ ಸುಮಾರು 32 ಕಿಲೋಮೀಟರಿಗಿಂತ ವೇಗವಾಗಿ ಎದುರು ಬರುವ ವಾಹನದ ಚಲನೆಯನ್ನು ಖಚಿತವಾಗಿ ಗುರುತಿಸಲು ಆಗುವುದಿಲ್ಲ. ಇದು ಮಗುವಿನ ಅಲಕ್ಷ್ಯದಿಂದಾದುದಲ್ಲ. ಆ ವಯಸ್ಸಿನ ದೃಷ್ಟಿಶಕ್ತಿಯ ಮಿತಿ ಅಷ್ಟೇ. “ನೋಡಿಕೊಂಡು ದಾಟು” ಎಂದು ಹೇಳಿ ಕಳಿಸಿದರೆ ಸಾಲದು. ಕೈ ಹಿಡಿದು ದಾಟಿಸಬೇಕು.

ಮಳೆಯೂ ಮೀನಿನ ನೀರೂ

ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಕಾರವಾರದ ಸೀಮೆಯಲ್ಲಿ ಈ ನಿಯಮಗಳಿಗೆಲ್ಲ ಒಂದು ಅನುಬಂಧ ಬೇಕಾಗುತ್ತದೆ. ಮೊದಲ ಮಳೆಗೆ ಕೆಮ್ಮಣ್ಣು ಇಳಿದು ರಸ್ತೆಯ ಮೇಲೆ ಹರಡುತ್ತದೆ. ಮೀನು ಸಾಗಿಸುವ ಲಾರಿಗಳಿಂದ ಸೋರಿದ ಮಂಜಿನ ನೀರು ತಿರುವುಗಳಲ್ಲಿ ಜಿಡ್ಡಿನ ಪದರವನ್ನು ಬಿಡುತ್ತದೆ. ವೃತ್ತವೆಂದರೆ ಬರಿಯ ತಿರುವೇ ಆದುದರಿಂದ ಎರಡು ಗಾಲಿಯ ವಾಹನ ಜಾರಲು ಇಷ್ಟು ಸಾಕು. ಬ್ರೇಕು ಒತ್ತಬೇಕಾದದ್ದು ವಾಹನ ನೆಟ್ಟಗಿರುವಾಗ, ವೃತ್ತಕ್ಕೆ ಮುಂಚೆ. ವಾಲಿದ ಮೇಲೆ ಒತ್ತಿದರೆ ಬಿದ್ದಂತೆಯೇ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಸೈಕಲ್ಲಿನ ಹಿಡಿ, ಈ ಕರಾವಳಿಯ ಸರ್ಕಸ್ಸನ್ನು ಬಿಟ್ಟು ಮಳೆಯಂಗಿ ತೊಡುವುದು ಲೇಸು. ಮಳೆಗಾಲದ ರಾತ್ರಿಗಳಲ್ಲಿ ಹೆದ್ದಾರಿಯ ಮೇಲೆ ಮಲಗುವ ದನಗಳಿಗೆ ಯಾವ ನಿಯಮವೂ ತಿಳಿಯದು. ಅವುಗಳ ಪಾಲಿನ ಎಚ್ಚರಿಕೆಯನ್ನೂ ಮನುಷ್ಯನೇ ಹೊರಬೇಕು.

ಹತ್ತು ಸೆಕೆಂಡಿನ ಬೆಲೆ

2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಅಸುನೀಗಿದರೆಂದು ಕೇಂದ್ರ ಸರಕಾರದ ವರದಿ ತಿಳಿಸುತ್ತದೆ. ಉತ್ತರ ಕನ್ನಡದವರಿಗೆ ಈ ಅಂಕಿಯ ಹಿಂದೆ ಇನ್ನೊಂದು ನೋವಿದೆ. ತಲೆಗೆ ಭಾರಿ ಪೆಟ್ಟು ಬಿದ್ದ ಗಾಯಾಳುವನ್ನು ಮಣಿಪಾಲಕ್ಕೋ, ಮಂಗಳೂರಿಗೋ, ಗೋವೆಗೋ, ಘಟ್ಟ ಹತ್ತಿ ನೂರು ಕಿಲೋಮೀಟರಿಗೂ ದೂರದ ಹುಬ್ಬಳ್ಳಿಗೋ ಸಾಗಿಸಿದ ಕಥೆ ಇಲ್ಲಿನ ಎಷ್ಟೋ ಮನೆಗಳಲ್ಲಿದೆ. ಜಿಲ್ಲೆಗೆ ಸುಸಜ್ಜಿತವಾದ ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ಒಕ್ಕೊರಲಿನಿಂದ ಕೂಗಿದ್ದೂ ಇದೇ ಸಂಕಟದಿಂದ. ಆಸ್ಪತ್ರೆ ದೂರವಿರುವ ಊರಿನಲ್ಲಿ ಎಚ್ಚರಿಕೆ ಹತ್ತಿರವಿರಬೇಕು.

ಇದಕ್ಕೆ ಖರ್ಚಿಲ್ಲದ ಒಂದು ಪಾಠವುಂಟು. ಗೋವೆಗೋ ಮೈಸೂರಿಗೋ ಹೋದಾಗ, ಮಕ್ಕಳನ್ನು ಕರೆದುಕೊಂಡು ವೃತ್ತವೊಂದರ ಬಳಿ ಕಾಲುದಾರಿಯ ಮೇಲೆ ಹತ್ತು ನಿಮಿಷ ನಿಲ್ಲಬೇಕು. ಬರುವ ಚಾಲಕರಲ್ಲಿ ಎಷ್ಟು ಮಂದಿ ಬಲಕ್ಕೆ ನೋಡಿದರು, ಎಷ್ಟು ಮಂದಿ ಕಾದರು, ಎಷ್ಟು ಮಂದಿ ಸಂಜ್ಞೆ ತೋರಿ ಹೊರಬಿದ್ದರು ಎಂದು ಮಕ್ಕಳಿಂದಲೇ ಎಣಿಸಬೇಕು. ಹೀಗೆ ಎಣಿಸಿದ ಮಗು, ಮರಳುವ ದಾರಿಯಲ್ಲಿ ಹಿಂದಿನ ಆಸನದಿಂದ, “ಅಪ್ಪಾ, ನೀವು ಬಲಕ್ಕೆ ನೋಡಲೇ ಇಲ್ಲ” ಎಂದು ಕೂಗದೆ ಬಿಡುವುದಿಲ್ಲ. ಮನೆಯ ಯಜಮಾನರಿಗೆ ಇದಕ್ಕಿಂತ ಖಡಾಖಂಡಿತವಾದ ಪೋಲೀಸು ಇನ್ನೊಬ್ಬನಿಲ್ಲ.

ವೃತ್ತದ ಬಾಯಲ್ಲಿ ಕಾದು ನಿಲ್ಲುವ ಕಾಲ ಬಹಳವಾದರೆ ಹತ್ತು ಸೆಕೆಂಡು. ಆ ಹತ್ತು ಸೆಕೆಂಡು ಉಳಿಸಹೋಗಿ, ಅರಬೈಲ ಘಟ್ಟದ ಕತ್ತಲೆಯಲ್ಲಿ ಆಂಬ್ಯುಲೆನ್ಸಿನ ಹಿಂದೆ ಕಳೆಯಬೇಕಾದ ಮೂರು ಗಂಟೆಗಳ ಲೆಕ್ಕವನ್ನು, ಹಾಗೆ ಕಳೆದವರು ಮಾತ್ರ ಬಲ್ಲರು.